ಹೆಂಚಿನ ಮೇಲಿಂದ ಕರೆದವನು

ಮುನ್‌ಗ್ಯೊಂಗ್ ಕಣಿವೆಯ ಅರಮನೆ ಸೆಟ್ಟಿನಲ್ಲಿ ಯಾವ ರಾಜ ಸತ್ತರೂ ಪ್ಯೋ ಮಾನ್‌ಶಿಕ್‌ಗೆ ಕೆಲಸ ಸಿಗುತ್ತಿತ್ತು. ರಾಜ ವಿಷ ಕುಡಿದು ಸಾಯಲಿ, ಮಲತಾಯಿಯ ಮಾಟಕ್ಕೆ ಸಾಯಲಿ, ಒಡಹುಟ್ಟಿದ ತಮ್ಮನ ಕತ್ತಿಗೇ ಸಾಯಲಿ, ಅದು ಕಥೆ ಬರೆಯುವವರ ಪಾಡು. ಸತ್ತ ಮೇಲಿನದು ಮಾನ್‌ಶಿಕ್‌ನ ಪಾಲು. ಮುದಿ ಕಂಚುಕಿಯ ವೇಷ ತೊಟ್ಟು, ಸತ್ತವನ ನಿಲುವಂಗಿಯನ್ನು ಹೆಗಲಿಗೆ ಹಾಕಿಕೊಂಡು, ಏಣಿ ಹತ್ತಿ ಹೆಂಚಿನ ನೆತ್ತಿಯ ಮೇಲೆ ನಿಲ್ಲಬೇಕು. ಉತ್ತರಕ್ಕೆ ಮುಖ. ಎಡಗೈಯಲ್ಲಿ ಅಂಗಿಯ ಕೊರಳಪಟ್ಟಿ, ಬಲಗೈಯಲ್ಲಿ ಅಂಚು. ಬೀಸುತ್ತಾ ಮೂರು ಸಲ ಕೂಗಬೇಕು: “ಮೇಲಿನ ದೊರೆಯೇ, ಮರಳಿ ಬಾ!”

ಮೂರನೆಯ ಕೂಗಿಗೂ ಹೋದವನು ಬಾರದಿದ್ದರೆ ಅಂಗಿಯನ್ನು ಮುಂಬದಿಯಿಂದ ಕೆಳಕ್ಕೆಸೆದು, ತಾನು ಹಿಂಬದಿಯಿಂದ ಇಳಿಯಬೇಕು. ಕೆಳಗಿದ್ದವರು ಅಂಗಿಯನ್ನು ಬುಟ್ಟಿಯಲ್ಲಿ ಹಿಡಿದು ಹೆಣದ ಮೇಲೆ ಹೊದಿಸುತ್ತಾರೆ. ಅಳು ಏನಿದ್ದರೂ ಆಮೇಲೆ. ಮೂರು ಕೂಗು ಮುಗಿಯುವ ತನಕ ರಾಣಿಯಾದರೂ ಸರಿ ದಾಸಿಯಾದರೂ ಸರಿ, ತುಟಿಪಿಟಕ್ಕೆನ್ನುವಂತಿಲ್ಲ. ತಿರುಗಿ ಬರಬಹುದಾದ ಜೀವವನ್ನು ಅತ್ತು ಓಡಿಸಿದ ಪಾಪ ಯಾರಿಗೆ ಬೇಕು? ನಮ್ಮ ಅಜ್ಜಂದಿರ ಕಾಲದಲ್ಲಿ ಹುಲ್ಲಿನ ಮನೆಗಳ ಮೇಲೂ ಹೀಗೇ ಕೂಗುತ್ತಿದ್ದರು. ಈಗ ಸಿನಿಮಾದಲ್ಲಿ ಮಾತ್ರ ಉಳಿದಿದೆ, ಅದೂ ನಿರ್ದೇಶಕನಿಗೆ ಪುರುಸೊತ್ತಿದ್ದರೆ.

ಕ್ಯಾಮೆರಾ ಹಿಂದಿನಿಂದಲೇ ನೋಡುವುದರಿಂದ ಮಾನ್‌ಶಿಕ್‌ನ ಮುಖ ಯಾರಿಗೂ ಗೊತ್ತಿರಲಿಲ್ಲ. ಬೆನ್ನು ಮಾತ್ರ ಇಡೀ ದೇಶಕ್ಕೆ ಗೊತ್ತಿತ್ತು. ಧ್ವನಿಯೂ ಅಷ್ಟೇ. ಅದು ಗಣಿಯಲ್ಲಿ ಹುಟ್ಟಿದ ಧ್ವನಿ. ಅದೇ ಕಣಿವೆಯಲ್ಲಿ ಕಲ್ಲಿದ್ದಲ ಗಣಿಯಿದ್ದ ಕಾಲಕ್ಕೆ ಸುರಂಗವೊಂದು ಕುಸಿದಾಗ, ಮಾನ್‌ಶಿಕ್ ಕತ್ತಲ ಬಾಯಿಗೆ ಮುಖವೊಡ್ಡಿ ಒಳಗಿದ್ದವರ ಹೆಸರು ಹಿಡಿದು ಕೂಗಿದ್ದ. ಆ ಕೂಗಿನ ಜಾಡು ಹಿಡಿದೇ ಕೆಲವರು ತೆವಳಿಕೊಂಡು ಬಂದರು. ಬಾರದವರೂ ಇದ್ದರು. ಮುಂದೆ ಗಣಿ ಮುಚ್ಚಿತು, ಅದರ ಪಕ್ಕದಲ್ಲೇ ಸಿನಿಮಾದವರ ಅರಮನೆ ಎದ್ದಿತು. ನಿನ್ನೆಯವರೆಗೆ ಕರಿ ಕಫ ಕೆಮ್ಮುತ್ತಿದ್ದವರು ರೇಷ್ಮೆ ಪಟ್ಟಿ ಕಟ್ಟಿ ಮಂತ್ರಿಗಳಾದರು. ಊರಿಗೆ ಹೊಟ್ಟೆಪಾಡಾಯಿತು.

ಅವನ ಹೆಂಡತಿ ಓಕ್‌ಬುನ್‌ಗೆ ಮಾತ್ರ ಈ ಕೆಲಸವೆಂದರೆ ನಗೆ. ಅವರ ಮನೆಯ ಒಳಕೋಣೆಯ ಮೇಲೆ ಹೆಂಚು ಒಡೆದು ಯಾವ ಕಾಲವಾಗಿತ್ತೋ! ಮಳೆ ಬಂದಾಗಲೆಲ್ಲ ಅವಳು ಹಿತ್ತಾಳೆ ಬೋಗುಣಿಯನ್ನು ಸೋರುವ ಕಡೆ ಇಟ್ಟು, ನಡುವಿಗೆ ಕೈಯಿಟ್ಟು ನಿಲ್ಲುತ್ತಿದ್ದಳು.

“ಏನ್ ಮುದುಕಪ್ಪಾ, ರಾಜರ ಮನೆ ಹೆಂಚೆಲ್ಲಾ ಹತ್ತಿ ಇಳಿದಾಯ್ತಾ? ನಮ್ಮನೆ ಹೆಂಚು ಯಾವ ರಾಜ ಬಂದು ಹತ್ತಬೇಕು? ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ನಿನ್ನಂಥೋನ್ನ ನೋಡೇ ಹೇಳಿದ್ದು.”

“ನಾಳೆ ಹತ್ತೀನಿ ಸುಮ್ನಿರೇ.”

“ನಿನ್ನ ನಾಳೆಗೆ ನಾನಿರ್ತೀನೋ ಇಲ್ವೋ.”

ಮದುವೆಯಾದಂದಿನಿಂದ ಅವನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ‘ಏನೇ’, ‘ನೋಡೇ’, ‘ಇಲ್ಲಿ ಕೇಳೇ’ ಎಂಬುದರಲ್ಲೇ ಸಂಸಾರ ಮುಗಿದಿತ್ತು. ಹೆಂಡತಿಯ ಹೆಸರನ್ನು ಬಾಯಲ್ಲಿ ಹೇಳುವ ಗಂಡ ಆ ತಲೆಮಾರಿನಲ್ಲಿ ಇರಲೂ ಇಲ್ಲ ಬಿಡಿ.

ಇಂಥ ಮಾನ್‌ಶಿಕ್ ಸೆಟ್ಟಿನಲ್ಲಿ ಮಾತ್ರ ಎರಡು ನಿಯಮಗಳನ್ನು ಎಂದೂ ಬಿಟ್ಟವನಲ್ಲ. ಮೊದಲನೆಯದು, ಕರೆಯಲು ಬೀಸುವ ಅಂಗಿ ಹೊಸದಾಗಿರಬೇಕು, ಯಾರ ಮೈಯನ್ನೂ ಮುಟ್ಟಿರಬಾರದು. ಉಡುಪಿನ ಕೋಣೆಯ ಯೊನ್‌ಸಿಲ್ ಅದಕ್ಕೆಂದೇ ಬೇರೆ ಅಂಗಿ ಹೊಲಿದು, ಗಂಟು ಕಟ್ಟಿ, ಅವನ ಕೈಗೇ ಕೊಡುತ್ತಿದ್ದಳು. ಆಕೆಯ ತಾಯಿ ದೆವ್ವ ಬಿಡಿಸುವ ಪೂಜಾರಿಣಿಯಾಗಿದ್ದವಳು. ಮಗಳು ಸೂಜಿ ಹಿಡಿದಳು, ಆದರೆ ಸತ್ತವರ ಸದ್ದು ಕೇಳುವ ತಾಯಿಯ ಕಿವಿ ಅವಳನ್ನು ಬಿಟ್ಟುಹೋಗಿರಲಿಲ್ಲ.

ಎರಡನೆಯ ನಿಯಮ, ಹೆಣವಾಗಿ ಮಲಗುವವರ ಮನೆಹೆಸರನ್ನು ಮೊದಲೇ ಕೇಳಿಕೊಳ್ಳುವುದು. ಪರದೆಯ ಹೆಸರಲ್ಲ, ಅಮ್ಮ ಅನ್ನಕ್ಕೆ ಕರೆಯುವ ಹೆಸರು. ದೃಶ್ಯ ಮುಗಿದದ್ದೇ ಅವನು ಕೆಳಗಿಳಿದು ಬಂದು, ಮಲಗಿದವರ ಕಿವಿಯಲ್ಲಿ ಆ ಹೆಸರನ್ನು ಮೂರು ಸಲ ಹೇಳಿ, “ಎದ್ದೇಳು, ಅನ್ನ ಆರ್ತಾ ಇದೆ” ಅನ್ನುತ್ತಿದ್ದ.

ಯಾಕೆಂದರೆ ರಾಜನ ಹೆಸರನ್ನು ಪ್ರಜೆಯ ನಾಲಿಗೆ ಮುಟ್ಟಬಾರದು, ಪದವಿಯಿಂದಲೇ ಕರೆಯಬೇಕು. ಹೆಸರು ಹಿಡಿದು ಕರೆದರೆ ಹೆಸರಿನವರು ಬರುತ್ತಾರೆ. ಪದವಿ ಹಿಡಿದು ಕರೆದರೆ? ಆ ಪದವಿಯಲ್ಲಿ ಕೂತು ಸತ್ತವರು ಎಷ್ಟು ಜನ! ಅವರಲ್ಲಿ ನೆಮ್ಮದಿಯಾಗಿ ಹಾಸಿಗೆಯ ಮೇಲೆ ಸತ್ತವರು ಎಷ್ಟು ಜನ? ಒಬ್ಬ ಹೀರೋ ಮಾತ್ರ ಮನೆಹೆಸರು ಹೇಳದೆ, ಮುದುಕನ ಭುಜ ತಟ್ಟಿ, ನಕ್ಕು ರಾಜಧಾನಿ ಸಿಯೋಲ್‌ಗೆ ಕಾರು ಹತ್ತಿದ್ದ. ಅವನು ಬಹಳ ದಿನ ಬೇರೆ ಯಾರಾದರೂ ಮೊದಲು ತಿಂದು ತೋರಿಸುವ ತನಕ ಅನ್ನ ಮುಟ್ಟಲಿಲ್ಲವಂತೆ. ಸ್ವಂತ ತಾಯಿ ಬಡಿಸಿದರೂ ವಿಷವಿದೆಯೇ ಎಂದು ಬೆಳ್ಳಿ ಚಮಚ ಅದ್ದಿ ನೋಡುತ್ತಿದ್ದನಂತೆ. ಆ ಸುದ್ದಿ ಬಂದ ಮೇಲೆ ಮಾನ್‌ಶಿಕ್ ಹೆಸರು ಕೇಳಿದರೆ ಯಾರೂ ನಗುತ್ತಿರಲಿಲ್ಲ.

ಓಕ್‌ಬುನ್ ಸತ್ತದ್ದು ಮೆಣಸಿನಕಾಯಿ ಒಣಹಾಕುವ ಕಾಲದಲ್ಲಿ. ಅಂಗಳದ ಸೋಯಾ ಜಾಡಿಗಳ ಮುಚ್ಚಳ ತೆಗೆಯುತ್ತಿದ್ದವಳು ಹಾಗೇ ಕುಸಿದಳು. ಮಾನ್‌ಶಿಕ್ ಸೆಟ್ಟಿನಿಂದ ಕಂಚುಕಿಯ ವೇಷದಲ್ಲೇ ಆಸ್ಪತ್ರೆಗೆ ಓಡಿದ. ಅವಳು ಕಣ್ಣು ತೆರೆಯಲಿಲ್ಲ. ಸಂಜೆಗೆ ಉಸಿರು ನಿಂತಿತು. ಪಕ್ಕದ ಮನೆಯಾಕೆ ಹೇಳದೆಯೇ ತಿಳಿದುಕೊಂಡು ಓಕ್‌ಬುನ್‌ಳ ಅರಿಶಿನ ಬಣ್ಣದ ಕುಪ್ಪಸವನ್ನು ತಂದುಕೊಟ್ಟಳು, ಅರವತ್ತರ ಹುಟ್ಟುಹಬ್ಬಕ್ಕೆ ತೊಟ್ಟಿದ್ದು. ಮಾನ್‌ಶಿಕ್ ಅದನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದ. ಮೇಲಿನ ಬಾಗಿಲಿಗೆ ಬೀಗ.

“ಯಜಮಾನ್ರೇ, ಎಲ್ಲಿಗೆ?” ಎಂದ ಕಾವಲುಗಾರ.

“ಸೂರಿನ ಮೇಲೆ. ಸ್ವಲ್ಪ ಹೊತ್ತು ಅಷ್ಟೇ. ಹೆಂಡ್ತೀನ ಕರೀಬೇಕು.”

ಕಾವಲುಗಾರ ಅವನ ವೇಷವನ್ನು ಮೇಲಿಂದ ಕೆಳಗೆ ನೋಡಿದ. “ಇದು ಆಸ್ಪತ್ರೆ ಯಜಮಾನ್ರೇ, ಶೂಟಿಂಗ್ ಅಲ್ಲ. ಕೆಳಗಿಳೀರಿ.”

ಅವನು ಕಾರು ನಿಲ್ಲಿಸುವ ನೆಲಮಾಳಿಗೆಗೆ ಇಳಿದ. ತಲೆಯ ಮೇಲೆ ಕಾಂಕ್ರೀಟು, ಉತ್ತರ ಯಾವುದು ದಕ್ಷಿಣ ಯಾವುದು ತಿಳಿಯದು. ಬಾಯಿ ತೆರೆದ. ಇಡೀ ದೇಶ ಕೇಳಿದ್ದ ಆ ಧ್ವನಿ ಗಂಟಲಲ್ಲೇ ಉಳಿಯಿತು.

ಕರೆಯದೇ ಹೋದದ್ದರಿಂದ ಅವನು ಅಳಲೂ ಇಲ್ಲ. ಮೂರು ಕೂಗು ಆಗದೆ ಅಳು ಎಲ್ಲಿಂದ ಬರಬೇಕು? ‘ಎಂಥ ಕಲ್ಲೆದೆಯವನಪ್ಪಾ’ ಎಂದಿತು ಊರು. ಅವಳ ಬಟ್ಟೆಬರೆಯನ್ನೆಲ್ಲ ಪದ್ಧತಿಯಂತೆ ಸುಟ್ಟರು. ಅರಿಶಿನ ಕುಪ್ಪಸವನ್ನು ಮಾತ್ರ ಅವನು ಕೊಡಲಿಲ್ಲ. ಕರೆಯಲೆಂದು ತೆಗೆದ ಬಟ್ಟೆ, ಕರೆಯದೆ ಸುಡುವುದು ಹೇಗೆ? ಒಳಕೋಣೆಯ ಮರದ ಪೆಟ್ಟಿಗೆಯಲ್ಲಿ ಇಟ್ಟ. ಹೆಂಚು ಹಾಗೇ ಇತ್ತು. ಮುಂದಿನ ಮಳೆಗಾಲವಿಡೀ ಬೋಗುಣಿಯಲ್ಲಿ ಟಪ್ ಟಪ್ ಎನ್ನುವುದನ್ನು ಕೇಳುತ್ತಾ ಅವನು ಒಬ್ಬನೇ ಮಲಗಿದ. ಅದನ್ನು ಯಾಕೆ ಸರಿಮಾಡಲಿಲ್ಲ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಬಹುಶಃ ಬೈಯುವವರು ಇಲ್ಲದ ಮನೆಯಲ್ಲಿ ಆ ಸದ್ದೊಂದೇ ಅವಳ ಬೈಗುಳದಂತೆ ಉಳಿದಿತ್ತೇನೋ.

ಓಕ್‌ಬುನ್‌ಳ ವರ್ಷದ ಎಡೆಯ ದಿನ ಹತ್ತಿರ ಬಂದಾಗ ನಿರ್ದೇಶಕ ಹಾಮ್ ತನ್ನ ಚಿತ್ರದ ಬಳಗವನ್ನು ಕಟ್ಟಿಕೊಂಡು ಬಂದಿಳಿದ. ಈ ಸಲ ಸಾಯುವವನು ರಾಜನಲ್ಲ, ಎಳೆಯ ರಾಣಿ. ರಾಜಮಾತೆಯ ತವರಿನವರು ಔಷಧದ ಬಟ್ಟಲಿನಲ್ಲಿ ವಿಷ ಬೆರೆಸಿ ಕೊಡುತ್ತಾರೆ. ಯಾವ ಚಿತ್ರದಲ್ಲಾದರೂ ವಿಷ ಕೊಡುವವರು ತವರಿನವರೇ, ಕುಡಿಯುವವರು ಸೊಸೆಯಂದಿರೇ. ಇದರಲ್ಲಿ ಹೊಸದೇನಿದೆಯೋ ಹಾಮ್‌ಗೇ ಗೊತ್ತು.

ರಾಣಿಯ ಪಾತ್ರದ ಹುಡುಗಿಯ ಹೆಸರು ಯೇದಾಮ್. ದೊಡ್ಡ ನಟಿಯಾಗುವ ಎಲ್ಲ ಲಕ್ಷಣವೂ ಇದ್ದ, ಆದರೆ ಇನ್ನೂ ಬಿಂಕ ಕಲಿಯದ ಹುಡುಗಿ. ಊಟದ ಹೊತ್ತಿಗೆ ತಟ್ಟೆ ಹಿಡಿದು ಮುದಿ ಕಂಚುಕಿಗಳ ಸಾಲಿನಲ್ಲೇ ಬಂದು ಕೂರುತ್ತಿದ್ದಳು.

“ಮಗಾ, ಮನೆಹೆಸರು ಹೇಳು” ಎಂದ ಮಾನ್‌ಶಿಕ್.

“ಅಯ್ಯೋ ಅಜ್ಜಾ, ಬೇಡ. ಮಾನ ಹೋಗುತ್ತೆ.”

“ನಾನ್ಯಾರಿಗೆ ಹೇಳ್ಲಿ?”

ಅವಳು ಸುತ್ತ ನೋಡಿ ಕಿವಿಯ ಹತ್ತಿರ ಬಾಗಿದಳು. “ಪಿಲ್ನಾಮ್. ‘ಮುಂದಿನದು ಗಂಡೇ ಆಗ್ಲಿ’ ಅಂತ ನಮ್ಮಜ್ಜಿ ಇಟ್ಟಿದ್ದು. ಮುಂದಿನದೂ ಹೆಣ್ಣೇ ಆಯ್ತು. ನಮ್ಮಮ್ಮ ಈಗ್ಲೂ ಫೋನಲ್ಲಿ ಹಾಗೇ ಕರೆಯೋದು.” ಕಿಮ್ಚಿ ಬಾಯಲ್ಲಿಟ್ಟುಕೊಂಡೇ ಕಿಲಕಿಲ ನಕ್ಕಳು. ಮಾನ್‌ಶಿಕ್ ಕೂಡ ನಕ್ಕ. ಓಕ್‌ಬುನ್ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಆ ರಾತ್ರಿ ಅವನ ತಲೆಯಲ್ಲಿ ಒಂದು ಯೋಚನೆ ಹೊಕ್ಕಿತು. ಹೆಂಗಸಿನ ಸಾವು, ಹೆಂಗಸನ್ನು ಕರೆಯುವ ಕೂಗು. ಸೂರು ಇದೆ, ಉತ್ತರ ಇದೆ, ಏಣಿ ಇದೆ, ಬೀಗ ಹಾಕುವ ಕಾವಲುಗಾರನಿಲ್ಲ. ರಾಣಿಯ ಅಂಗಿಯೊಳಗೆ ಇನ್ನೊಂದು ಬಟ್ಟೆಯಿದ್ದರೆ ಯಾರಿಗೆ ಗೊತ್ತಾದೀತು? ಅವಳಿಗೆ ಸಲ್ಲಬೇಕಾದ ಮೂರು ಕೂಗು ಸಂದುಹೋಗುತ್ತದೆ, ಅಷ್ಟೇ ತಾನೇ. ಬೆಳಗ್ಗೆ ಪೆಟ್ಟಿಗೆ ತೆರೆದು ಕುಪ್ಪಸ ತೆಗೆದಾಗ ಅದು ಕೈಗೆ ತಣ್ಣಗೆ ತಾಗಿತು. ಚಳಿಗಾಲ ಹತ್ತಿರ ಬಂತು ಎಂದುಕೊಂಡ. ಅಷ್ಟಕ್ಕೇ ಬಿಟ್ಟ. ಬಿಡಬಾರದಿತ್ತು.

ಅಂದು ಕಣಿವೆಯ ತುಂಬ ಮಂಜು. ಅರಮನೆಗೆ ಮುಂದೆ ಕೆಂಪು ಕಂಬ, ಬಣ್ಣದ ಸೂರು. ಹಿಂದೆ ಬರೀ ಹಲಗೆ, ಊರುಗೋಲು. ಮಂಜಿನಲ್ಲಿ ಆ ಹಲಗೆಗಳು ಕಾಣದೆ ಅರಮನೆ ಹಿಂದಕ್ಕೂ ಬೆಳೆದುಬಿಟ್ಟಿತ್ತು. ಎಲ್ಲೂ ಇಲ್ಲದ ಕೋಣೆಗಳಿಗೆ ತೆರೆಯುವ ಕಾಗದದ ಬಾಗಿಲುಗಳು ಗಾಳಿಯಿಲ್ಲದೆಯೇ ಒಂದೊಂದಾಗಿ ಸರಿಯುತ್ತಿದ್ದವು. ಹೆಬ್ಬಾಗಿಲಿನಲ್ಲಿ ಯಮದೂತರಿಗೆಂದು ಮೂರು ಬಟ್ಟಲು ಅನ್ನ, ಮೂರು ಜೊತೆ ಹುಲ್ಲಿನ ಮೆಟ್ಟು ಇಟ್ಟಿದ್ದರು, ದಾರಿಯ ಕಡೆಗೆ ಮುಖ ಮಾಡಿ. ಒಳಗೆ ಯೇದಾಮ್ ಬಿಳಿಯುಟ್ಟು, ಬೆಳ್ಳಗೆ ಬಳಿದುಕೊಂಡು ಮಲಗಿದ್ದಳು.

ಯೊನ್‌ಸಿಲ್ ಗಂಟು ಬಿಚ್ಚಿ ಹಸಿರು ನಿಲುವಂಗಿಯನ್ನು ಕೊಟ್ಟಳು. ಮಾನ್‌ಶಿಕ್ ಕಂಬದ ಮರೆಗೆ ಹೋಗಿ ಅರಿಶಿನ ಕುಪ್ಪಸವನ್ನು ಅದರೊಳಗೆ ಸೇರಿಸಿ, ಎರಡನ್ನೂ ಒಟ್ಟಿಗೆ ಹಿಡಿದು ಏಣಿ ಹತ್ತಿದ.

“ಅಂತಃಪುರದೊಡತಿಯೇ, ಮರಳಿ ಬಾ!”

ಮಂಜು ಅಲುಗಲಿಲ್ಲ.

“ಅಂತಃಪುರದೊಡತಿಯೇ, ಮರಳಿ ಬಾ!”

ಮೂರನೆಯ ಸಲಕ್ಕೆ ಅವನ ಗಂಟಲಿಂದ ಹೊರಟದ್ದು ಕಂಚುಕಿಯ ಕೂಗಾಗಿರಲಿಲ್ಲ. ಗಣಿಯ ಬಾಯಲ್ಲಿ ನಿಂತು ಕೂಗಿದವನ ಕೂಗು ಅದು. ಬೆಟ್ಟ ಅದನ್ನು ತಿರುಗಿಸಿ ಕಳಿಸಿತು. ಅವನು ಅಂಗಿಯನ್ನು ಕೆಳಕ್ಕೆಸೆದ. ಅಲ್ಲಿದ್ದವರು ಬುಟ್ಟಿಯಲ್ಲಿ ಹಿಡಿದು, ಒಳಗೇನಿದೆಯೆಂದು ನೋಡದೆ ರಾಣಿಯ ಮೇಲೆ ಹೊದಿಸಿದರು. ದಾಸಿಯರ ಗೋಳಾಟ ಭೋರೆಂದು ಎದ್ದಿತು. “ಕಟ್! ಅದ್ಭುತ!” ಎಂದ ಹಾಮ್.

ಅಳು ನಿಂತಿತು. ದಾಸಿಯರು ಮೂಗು ಒರೆಸಿಕೊಂಡು ಕಾಫಿಯ ಕಡೆ ಹೊರಟರು. ಯೇದಾಮ್ ಮಾತ್ರ ಏಳಲಿಲ್ಲ. ಮಾನ್‌ಶಿಕ್ ಹಿಂಬದಿಯಿಂದ ಇಳಿದು ಬಳಸಿ ಬರುವಷ್ಟರಲ್ಲಿ ಅವಳು ನಿಧಾನವಾಗಿ ಎದ್ದು ಕೂತಿದ್ದಳು. ಕೂತು, ಕತ್ತು ಹಿಂದಕ್ಕೆ ವಾಲಿಸಿ, ಛಾವಣಿಯನ್ನು ನೋಡುತ್ತಿದ್ದಳು.

“ಸೋರ್ತಾ ಇದೆ” ಎಂದಳು.

ಮಳೆಯಿರಲಿಲ್ಲ. ಅವಳು ಎದ್ದಳು. ರಾಣಿ ನಡೆಯುವ ಹಾಗಲ್ಲ, ಮಂಡಿನೋವಿನ ಹೆಂಗಸು ಏಳುವ ಹಾಗೆ, ಒಂದು ಕೈ ನೆಲಕ್ಕೂರಿ. ಮೂಲೆಯಲ್ಲಿ ಮುಖ ತೊಳೆಯಲೆಂದು ಇಟ್ಟಿದ್ದ ಹಿತ್ತಾಳೆ ಬೋಗುಣಿಯನ್ನು ಎತ್ತಿ ತಂದು, ಮೇಲೆ ನೋಡಿ, ಸ್ವಲ್ಪ ಆಚೆ ಸರಿಸಿ, ಈಚೆ ಸರಿಸಿ, ಒಂದು ಕಡೆ ಇಟ್ಟಳು.

ಟಪ್.

ಎಲ್ಲರಿಗೂ ಕೇಳಿಸಿತು. ಲೈಟಿನವನು ಮೇಲೆ ನೋಡಿದ. ಹೊಸ ಹಲಗೆ, ಒಣಗಿದ ಬಣ್ಣ.

ಟಪ್.

“ಕ್ಯಾಮೆರಾ ಮತ್ತೆ ಓಡ್ಸು, ನಿಲ್ಲಿಸ್ಬೇಡ” ಎಂದು ಹಾಮ್ ಪಿಸುಗುಟ್ಟಿದ. “ಏನ್ ಹುಡುಗಿ ಇವಳು! ಯಾರೂ ಹೇಳಿಕೊಟ್ಟಿದ್ದಲ್ಲ ಇದು.” ಮನೆ ಹತ್ತಿ ಉರಿದರೂ ಒಳ್ಳೆ ಬೆಳಕು ಬಂತು ಎನ್ನುವ ಜಾತಿ ಅದು.

ಅವಳು ಬಾಗಿಲ ಕಡೆ ತಿರುಗಿದಳು. ಬೈತಲೆಯಿಂದ ನೀರು ಇಳಿದು ಬಿಳಿ ಬಣ್ಣದ ಮೇಲೆ ಗೆರೆ ಎಳೆದಿತ್ತು. ಹೊಸ್ತಿಲಲ್ಲಿ ನಿಂತ ಮಾನ್‌ಶಿಕ್‌ನನ್ನು ನೋಡಿ ನಡುವಿಗೆ ಕೈಯಿಟ್ಟಳು.

“ಬಂದ್ಯಾ ಮುದುಕಪ್ಪಾ? ರಾಜರ ಮನೆ ಹೆಂಚೆಲ್ಲಾ ಹತ್ತಿ ಇಳಿದಾಯ್ತಾ?”

ಮಾನ್‌ಶಿಕ್ ಹೊಸ್ತಿಲ ಮೇಲೇ ಕೂತುಬಿಟ್ಟ. ಧ್ವನಿ ಹುಡುಗಿಯದೇ. ಆದರೆ ಆ ಮಾತಿನ ತಿರುವು, ಆ ಕೊಂಕು, ಅದನ್ನು ಅವನಿಗೆ ಯಾರು ಹೇಳಿಕೊಡಬೇಕು?

“ಒದ್ದೆಯಾಗ್ಬಿಟ್ಟಿದೀನಿ ಕಣೋ” ಎಂದಳು ಅವಳು, ಈಗ ಮೆಲ್ಲಗೆ. “ವರ್ಷವಿಡೀ ಸೋರ್ತಾ ಇತ್ತು. ಕತ್ತಲು ಬೇರೆ. ಯಾರೋ ‘ಅಂತಃಪುರದೊಡತಿ’ ಅಂತ ಕೂಗಿದ್ರು. ಯಾವಳಪ್ಪಾ ಅದು ಅಂತ ತಿರುಗಿ ನೋಡ್ತೀನಿ, ನನ್ನ ಕುಪ್ಪಸ ಬೀಸ್ತಾ ಇದೀಯ! ಹೆಸರು ಹಿಡ್ಕೊಂಡು ಕರೆಯೋಕೆ ಇನ್ನೂ ಬಾಯಿ ಬರ್ಲಿಲ್ವಾ ನಿಂಗೆ?”

“ನೋಡೇ...” ಎಂದ ಮಾನ್‌ಶಿಕ್.

ಯೊನ್‌ಸಿಲ್ ಹಾಸಿಗೆಯ ಮೇಲೆ ಬಿದ್ದಿದ್ದ ಹಸಿರು ನಿಲುವಂಗಿಯನ್ನು ಎತ್ತಿ ಕೊಡವಿದಳು. ಒಳಗಿಂದ ಅರಿಶಿನ ಕುಪ್ಪಸ ನೆಲಕ್ಕೆ ಬಿದ್ದಿತು. ಅವಳು ಅದನ್ನು ನೋಡಿದಳು, ಮಾನ್‌ಶಿಕ್‌ನನ್ನು ನೋಡಿದಳು, ಎಲ್ಲ ತಿಳಿಯಿತು. ಬಂದು ಅವನ ರಟ್ಟೆ ಹಿಡಿದು ಹೊರಗೆಳೆದಳು.

“ಏನ್ ಮಾಡ್ಬಿಟ್ರಿ ಅಣ್ಣಾ! ಹುಡುಗಿ ಕೈ ಮುಟ್ಟಿ ನೋಡಿದ್ರಾ? ಬಾವಿ ಕಲ್ಲಿನ ಹಾಗೆ ಕೊರೀತಾ ಇದೆ. ಒಂದು ಮೈಯಲ್ಲಿ ಎರಡು ಜೀವ ಎಷ್ಟು ಹೊತ್ತು ಇರುತ್ತೆ? ಹೊತ್ತು ಮುಳುಗೋದ್ರೊಳಗೆ ಆ ಮಗೂನ ಕರೀಲಿಲ್ಲ ಅಂದ್ರೆ ಅವಳು ಹೋದ ಹಾಗೇ.”

“ಸ್ವಲ್ಪ ಹೊತ್ತು” ಎಂದ ಮಾನ್‌ಶಿಕ್.

“ಅಣ್ಣಾ!”

“ಸ್ವಲ್ಪ ಹೊತ್ತು ಯೊನ್‌ಸಿಲ್. ಒಂದು ಮಾತೂ ಆಡ್ದೆ ಹೋದೋಳು ಅವಳು.”

ಅವನು ಒಳಗೆ ಹೋದ. ಅವಳ ಎದುರು ಕೂತ. ಅವಳು ಜಾಡಿಗಳ ಮುಚ್ಚಳ ತೆಗೆದು ಬಿಸಿಲಿಗಿಡುತ್ತೀಯಾ ಎಂದು ಕೇಳಿದಳು. ಇಡುತ್ತೀನಿ ಎಂದು ಸುಳ್ಳು ಹೇಳಿದ. ಪಕ್ಕದ ಮನೆಯ ನಾಯಿ ಮರಿ ಹಾಕಿತಾ ಎಂದಳು. ಹಾಕಿತು ಎಂದ. ಒಣಮೀನು ಯಾರು ಸುಟ್ಟು ಕೊಡುತ್ತಾರೆ ಈಗ ಎಂದಳು. ಬೋಗುಣಿ ಟಪ್ ಟಪ್ ಎಂದು ತುಂಬುತ್ತಿತ್ತು. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ಅವನಿಗೆ ಯಾರ ಮಗಳು ಏನಾದರೂ ಚಿಂತೆಯಿರಲಿಲ್ಲ. ಇವಳು ಹೀಗೇ ಎದುರು ಕೂತು ಬೈಯುತ್ತಿದ್ದರೆ ಸಾಕಿತ್ತು. ಹುಡುಗಿಯ ತುಟಿ ನೀಲಿಗಟ್ಟುತ್ತಿದ್ದುದು ಕಾಣುತ್ತಿತ್ತು. ಅವನು ಬೇಕೆಂದೇ ಕಣ್ಣನ್ನು ನೋಡಿದ, ತುಟಿಯನ್ನು ನೋಡಲಿಲ್ಲ.

ಹೊರಗೆ ಯಾರೋ ಕೂಗಿಕೊಂಡರು. ಹೆಬ್ಬಾಗಿಲಿನ ಹುಲ್ಲಿನ ಮೆಟ್ಟುಗಳು, ದಾರಿಯ ಕಡೆ ಮುಖ ಮಾಡಿದ್ದವು, ಈಗ ಅರಮನೆಯ ಕಡೆ ತಿರುಗಿದ್ದವು. ಯಾರೂ ಮುಟ್ಟಿರಲಿಲ್ಲ. ಆಗ ಹಾಮ್ ತಾನೇ ಹೋಗಿ ಕ್ಯಾಮೆರಾ ನಿಲ್ಲಿಸಿದ.

ಅದೇ ಹೊತ್ತಿಗೆ ಯೊನ್‌ಸಿಲ್‌ಳ ಕೈಯಲ್ಲಿದ್ದ ದಪ್ಪ ಕೋಟಿನೊಳಗೆ ಫೋನು ರಿಂಗಾಯಿತು. ಅದು ಯೇದಾಮ್‌ಳ ಕೋಟು. ಯೊನ್‌ಸಿಲ್ ಫೋನು ತೆಗೆದು, ಒಳಗೆ ಬಂದು, ಮಾನ್‌ಶಿಕ್‌ನ ಕಿವಿಗೆ ಹಿಡಿದಳು.

“ಪಿಲ್ನಾಮಾ?” ಎಂದಿತು ಒಂದು ಹೆಂಗಸಿನ ಧ್ವನಿ. “ಊಟ ಆಯ್ತಾ ಮಗಾ? ಯಾಕೋ ಬೆಳಗ್ಗಿಂದ ಎದೆ ಡವಡವ ಅಂತಿದೆ. ಪಿಲ್ನಾಮಾ? ಕೇಳಿಸ್ತಾ ಇದೆಯೇನೇ?”

ಮಾನ್‌ಶಿಕ್ ಎದುರಿದ್ದವಳನ್ನು ನೋಡಿದ. ಅವಳಿಗೂ ಕೇಳಿಸಿತ್ತು. ಅವಳ ಮುಖದ ಕೊಂಕು ಇಳಿದಿತ್ತು.

“ಯಾರದೋ ಮಗು ಅಲ್ವೇನೋ ಇದು?” ಎಂದಳು ಓಕ್‌ಬುನ್. “ಹೋಗು. ಹತ್ತು. ಇದೊಂದರಲ್ಲಿ ಹುಷಾರಿ ನೀನು.”

“ಮತ್ತೆ ನೀನು?”

“ನನ್ನದು ನಾಳೆ ಅಲ್ವಾ? ಯಾವಾಗ್ಲೂ ನಾಳೇನೇ.”

ಅವನು ಹುಡುಗಿಯ ಕೋಟು ಕಿತ್ತುಕೊಂಡು ಓಡಿದ. ಕಂಚುಕಿಯ ಟೋಪಿ ಎಲ್ಲೋ ಬಿತ್ತು. ಹೆಂಚಿನ ನೆತ್ತಿಯ ಮೇಲೆ ನಿಂತು, ಉತ್ತರಕ್ಕೆ ತಿರುಗಿ, ಆ ದಪ್ಪ ಕೋಟನ್ನು ಬಾವುಟದ ಹಾಗೆ ಬೀಸಿದ.

“ಪಿಲ್ನಾಮಾ! ಮರಳಿ ಬಾ!”

ಕೆಳಗೆ ಇಡೀ ಚಿತ್ರತಂಡ ಅಂಗಳಕ್ಕೆ ಬಂದು ಮೇಲೆ ನೋಡಿತು.

“ಪಿಲ್ನಾಮಾ! ಮರಳಿ ಬಾ!”

ಮೂರನೆಯ ಕೂಗಿನ ಕೊನೆ ಬೆಟ್ಟದಲ್ಲಿ ಸುತ್ತುತ್ತಿರುವಾಗ ಒಳಗಿನಿಂದ ಅಳುಬುರುಕ ಸಿಡುಕಿನ ಧ್ವನಿ ಬಂತು: “ಯಾರ್ರೀ ಅದು ಊರಿಗೆಲ್ಲಾ ಕೇಳೋ ಹಾಗೆ ನನ್ನ ಮನೆಹೆಸರು ಕೂಗ್ತಿರೋದು? ಅಜ್ಜಾ, ಹೇಳಲ್ಲ ಅಂದಿದ್ರಿ!” ಆಮೇಲೆ ಅವಳ ಹಲ್ಲು ಕಟಕಟ ಎನ್ನುವುದು ಕೇಳಿಸಿತು. “ಚಳಿ, ಅಯ್ಯೋ ಚಳಿ. ನನ್ನ ತಲೆ ಯಾಕೆ ಒದ್ದೆಯಾಗಿದೆ?”

ಬೋಗುಣಿಯಲ್ಲಿ ಅರ್ಧದಷ್ಟು ನೀರಿತ್ತು. ಹೆಬ್ಬಾಗಿಲಿನಲ್ಲಿ ಮೂರು ಜೊತೆಯ ಬದಲು ಎರಡೇ ಜೊತೆ ಮೆಟ್ಟು ಉಳಿದಿದ್ದವು, ಬಂದಿದ್ದ ದೂತನೊಬ್ಬ ಮೆಟ್ಟಿಕೊಂಡು ಹೋದ ಹಾಗೆ. ಹಾಮ್ ಆ ದಿನದ ರೀಲನ್ನು ನೋಡಲೂ ಇಲ್ಲ, ಬಳಸಲೂ ಇಲ್ಲ. ಅಷ್ಟು ಬುದ್ಧಿ ಅವನಿಗೂ ಬಂತು.

ಯೊನ್‌ಸಿಲ್ ಕುಪ್ಪಸವನ್ನು ಕೈಗಿತ್ತಾಗ ಮಾನ್‌ಶಿಕ್ ಅದನ್ನು ಮೊದಲ ಸಲ ಸರಿಯಾಗಿ ನೋಡಿದ. ಅದು ತಣ್ಣಗಿದ್ದದ್ದು ಚಳಿಗಲ್ಲ. ನೀರು ಕುಡಿದಿತ್ತು, ಮಡಿಕೆಗಳಲ್ಲಿ ಬೂಷ್ಟು ಹಿಡಿದಿತ್ತು. ಒಡೆದ ಹೆಂಚಿನ ನೀರು ಮರದ ತೊಲೆಯ ಗುಂಟ ಹರಿದು ಪೆಟ್ಟಿಗೆಯೊಳಕ್ಕೇ ಇಳಿಯುತ್ತಿತ್ತು. ಬೋಗುಣಿ ತುಂಬಿದ್ದು ಬರೀ ಮಿಕ್ಕಿದ್ದರಿಂದ. ವರ್ಷವಿಡೀ ಅವಳನ್ನು ಕತ್ತಲಲ್ಲಿ ನೆನೆಹಾಕಿ ತಾನು ಪಕ್ಕದಲ್ಲೇ ಮಲಗಿದ್ದೆ ಎಂದು ಅವನಿಗೆ ಆಗ ತಿಳಿಯಿತು. ಅವನಿಗೆ ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು.

ಮಾರನೆಯ ಬೆಳಗ್ಗೆ ಮಂಜು ಕಳೆದು ಬಿಸಿಲು ಬಿತ್ತು. ಮಾನ್‌ಶಿಕ್ ಶೂಟಿಂಗಿಗೆ ಹೋಗಲಿಲ್ಲ. ಸ್ವಂತ ಮನೆಗೆ ಏಣಿ ಚಾಚಿದ. ಒಡೆದ ಹೆಂಚು ತೆಗೆದು, ಕೆಮ್ಮಣ್ಣು ಮೆತ್ತಿ, ಹೊಸ ಹೆಂಚು ಕೂರಿಸಿದ. ಎಷ್ಟು ಸಣ್ಣ ಕೆಲಸ! ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯಿತು. ಆಮೇಲೆ ಕುಪ್ಪಸವನ್ನು ಬಿಸಿ ಹೆಂಚಿನ ಮೇಲೆ ಹರಡಿ, ಪಕ್ಕದಲ್ಲಿ ಕೂತು ಕಾದ. ಕೆಳಗೆ ಯೊನ್‌ಸಿಲ್ ಬುಟ್ಟಿ ಹಿಡಿದು ಬಂದಳು. ಅವಳ ಹಿಂದೆ, ಮಫ್ಲರ್ ಸುತ್ತಿಕೊಂಡು, ಪಿಲ್ನಾಮ್ ಕೂಡ ಬಂದಿದ್ದಳು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ನೋಡಿದಳು.

ಕುಪ್ಪಸ ಒಣಗಿತು. ಅರಿಶಿನ ಬಣ್ಣ ತಿರುಗಿ ಬಂತು. ಮಾನ್‌ಶಿಕ್ ಎದ್ದು ಉತ್ತರಕ್ಕೆ ಮುಖ ಮಾಡಿ, ಎಡಗೈಯಲ್ಲಿ ಕೊರಳಪಟ್ಟಿ, ಬಲಗೈಯಲ್ಲಿ ಅಂಚು ಹಿಡಿದ.

“ಓಕ್‌ಬುನಾ” ಎಂದ.

ಬಹಳ ಮೆಲ್ಲಗೆ ಬಂತು. ಮದುವೆಯ ಗಂಡು ಮೊದಲ ಸಲ ಮಾತಾಡಿಸಿದ ಹಾಗೆ.

“ಓಕ್‌ಬುನಾ! ಮರಳಿ ಬಾ!”

ಜಾಡಿಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು. ಅಂಗಳದಲ್ಲಿ ಏನೂ ಅಲುಗಲಿಲ್ಲ. ಅವನು ಕಾದ. ಒಳಗೆ ಬೋಗುಣಿ ಟಪ್ ಎನ್ನುತ್ತದೆಯೋ ಎಂದು ಕಿವಿಗೊಟ್ಟ. ಎನ್ನಲಿ ಎಂದು ಆಸೆಪಟ್ಟ ಕೂಡ.

“ಓಕ್‌ಬುನಾ! ಮರಳಿ ಬಾ!”

ಕೂಗು ಬೆಟ್ಟಕ್ಕೆ ಹೋಯಿತು. ಬೆಟ್ಟ ಅದನ್ನು ಈ ಸಲ ತಿರುಗಿಸಲಿಲ್ಲ. ಕಣಿವೆ ಅದನ್ನು ಇಟ್ಟುಕೊಂಡಿತು. ಯಾರೂ ಬರಲಿಲ್ಲ.

ಮಾನ್‌ಶಿಕ್ ಕುಪ್ಪಸವನ್ನು ಮುಂಬದಿಯಿಂದ ಕೆಳಕ್ಕೆಸೆದ. ಅದು ಬಿಸಿಲಲ್ಲಿ ತೋಳು ಬಿಚ್ಚಿಕೊಂಡು, ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತ ಹಾಗೆ ಮಾಡಿ, ಯೊನ್‌ಸಿಲ್‌ಳ ಬುಟ್ಟಿಯೊಳಕ್ಕೆ ಇಳಿಯಿತು. ಅವಳು ಅದನ್ನು ಅಂಗಳದ ಒಲೆಯ ಕೆಂಡಕ್ಕೆ ಒಪ್ಪಿಸಿದಳು. ಒಣಗಿದ್ದರಿಂದ ತಡಮಾಡದೆ ಹತ್ತಿಕೊಂಡಿತು. ಮಾನ್‌ಶಿಕ್ ಹಿಂಬದಿಯಿಂದ ಇಳಿದು ಬಂದ. ಮೂರು ಕೂಗೂ ಆಗಿತ್ತು, ಇನ್ನು ಯಾವ ನಿಯಮವೂ ಅವನನ್ನು ತಡೆಯುವಂತಿರಲಿಲ್ಲ. ಒಣಗಿದ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತು, ಇಡೀ ಕಣಿವೆಗೆ ಕೇಳುವ ಹಾಗೆ, ಅವನು ಬಾಯ್ಬಿಟ್ಟು ಅತ್ತ.